ಮೂರನೇ ಶಾಖೆಯ ಲಾಗ್ ಮಾತ್ರ ಬರುತ್ತಿಲ್ಲ, ಟಿಎಲ್‌ಎಸ್ ಹ್ಯಾಂಡ್‌ಶೇಕ್ ಅರ್ಧಕ್ಕೇ ನಿಲ್ಲುತ್ತಿದೆ (ಪರಿಹಾರ ಸಿಕ್ಕಿದೆ)

ನೆಟ್‌ವರ್ಕ್_ಚಿಗುರು

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ದಯವಿಟ್ಟು ನೋಡಿ.

ನಮಗೆ ಒಂದು ಕೇಂದ್ರ ಕಚೇರಿ, ಮೂರು ಶಾಖೆ. ಪ್ರತಿ ಶಾಖೆಯಲ್ಲೂ ರಿಲೇ (ಲಾಗ್ ಪಡೆದು ಮುಂದಕ್ಕೆ ಕಳಿಸುವ) ಕೆಲಸಕ್ಕೆ ಒಂದು ಪುಟ್ಟ ಲಿನಕ್ಸ್ ಮೆಷಿನ್ ಇಟ್ಟಿದ್ದೇನೆ. ಸ್ವಿಚ್, ಫೈರ್‌ವಾಲ್, ವೈಫೈ ಕಂಟ್ರೋಲರ್ ಎಲ್ಲವೂ ಯುಡಿಪಿ 514ರಲ್ಲಿ ಅದಕ್ಕೆ ಸಿಸ್‌ಲಾಗ್ (ತಮ್ಮಲ್ಲಿ ನಡೆದದ್ದರ ದಾಖಲೆ ಸಾಲುಗಳು) ಕಳಿಸುತ್ತವೆ. ಅಲ್ಲಿಂದ ಆರ್‌ಸಿಸ್‌ಲಾಗ್ ಎಂಬ ತಂತ್ರಾಂಶ ಅದನ್ನು ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ಮೂಲಕ ಕೇಂದ್ರದ ಸರ್ವರ್‌ನ 6514ನೇ ಪೋರ್ಟ್‌ಗೆ ರವಾನಿಸುತ್ತದೆ.

ಮೊದಲ ಎರಡು ಶಾಖೆ ಸರಿಯಾಗಿವೆ. ಮೂರನೆಯದರಲ್ಲಿ ಕನೆಕ್ಷನ್ ಆಗುತ್ತದೆ, ಹ್ಯಾಂಡ್‌ಶೇಕ್ (ಟಿಎಲ್‌ಎಸ್‌ನ ಆರಂಭದ ಮಾತುಕತೆ) ಶುರುವಾಗುತ್ತದೆ, ಆಮೇಲೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಟೈಮ್‌ಔಟ್. ಟೆಲ್ನೆಟ್‌ನಲ್ಲಿ ನೋಡಿದರೆ ಪೋರ್ಟ್ ತೆರೆದೇ ಇದೆ. ಟಿಎಲ್‌ಎಸ್ ತೆಗೆದು ಬರೀ ಟಿಸಿಪಿಯಲ್ಲಿ ಕಳಿಸಿದರೆ ಲಾಗ್ ಬರುತ್ತದೆ! ಸರ್ಟಿಫಿಕೇಟ್ ಕೆಟ್ಟಿರಬೇಕು ಎಂದುಕೊಂಡು ಮೂರು ಸಲ ಹೊಸದು ಮಾಡಿದೆ, ಪ್ರಯೋಜನವಾಗಲಿಲ್ಲ. ಮೂರೂ ರಿಲೇಗಳಲ್ಲಿ ಒಂದೇ ಸರ್ಟಿಫಿಕೇಟ್, ಒಂದೇ ಕೀ. ಆಥ್ ಮೋಡ್ (ಗುರುತು ಪರೀಕ್ಷಿಸುವ ವಿಧಾನ) ಅನಾನ್.

"ಹೇಗೂ ವಿಪಿಎನ್ ಟನಲ್ ಒಳಗೇ ಹೋಗುತ್ತದಲ್ಲ, ಟಿಎಲ್‌ಎಸ್ ಬಿಟ್ಟುಬಿಡಿ" ಎನ್ನುತ್ತಿದ್ದಾರೆ ನಮ್ಮ ಮೇಲಿನವರು. ಬಿಡಬಹುದಾ?

ಹಳೇರೂಟರ್

ಮೊದಲು ಆ ಮೆಷಿನ್‌ನ ಗಡಿಯಾರ ನೋಡಿ. ಪುಟ್ಟ ಬೋರ್ಡ್‌ಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ 1970ಕ್ಕೆ ಹೋಗಿ ಕೂರುವುದುಂಟು. ಆಗ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಎಂದು ತಿರಸ್ಕಾರವಾಗುತ್ತದೆ. ನಾನು ಇದರಲ್ಲೇ ಒಂದು ಇಡೀ ರಾತ್ರಿ ಕಳೆದಿದ್ದೇನೆ.

ನೆಟ್‌ವರ್ಕ್_ಚಿಗುರು

ನೋಡಿದೆ ಸರ್. ಎನ್‌ಟಿಪಿ (ಗಡಿಯಾರ ಹೊಂದಿಸುವ ಸೇವೆ) ಓಡುತ್ತಿದೆ, ಕೇಂದ್ರಕ್ಕೂ ಇದಕ್ಕೂ ಒಂದು ಸೆಕೆಂಡ್ ವ್ಯತ್ಯಾಸವೂ ಇಲ್ಲ.

ಪೋರ್ಟ್_ಪಹರೆ

ಸರ್ಟಿಫಿಕೇಟನ್ನು ಇನ್ನು ಮುಟ್ಟಬೇಡಿ. ಸರ್ಟಿಫಿಕೇಟ್ ತಪ್ಪಾಗಿದ್ದರೆ ಸಾಮಾನ್ಯವಾಗಿ ಎದುರಿನವರು ತಕ್ಷಣ ಅಲರ್ಟ್ ಕಳಿಸಿ ಬಾಗಿಲು ಹಾಕುತ್ತಾರೆ. ನಿಮ್ಮಲ್ಲಿ ಅಲರ್ಟೇ ಇಲ್ಲ, ಬರೀ ಮೌನ. ಹೀಗೆ ಮೌನವಾದರೆ ನಾನು ದಾರಿಯನ್ನು ಅನುಮಾನಿಸುತ್ತೇನೆ.

ಎರಡು ವಿಷಯ ಬೇಕು. ಒಂದು, ಮೂರನೇ ಶಾಖೆಗೂ ಉಳಿದೆರಡಕ್ಕೂ ಲಿಂಕ್‌ನಲ್ಲಿ ಏನು ವ್ಯತ್ಯಾಸ? ಎರಡು, ರಿಲೇಯಲ್ಲೂ ಕೇಂದ್ರದಲ್ಲೂ ಒಂದೇ ಹೊತ್ತಿಗೆ ಟಿಸಿಪಿಡಂಪ್ (ಪ್ಯಾಕೆಟ್ ಹಿಡಿದು ತೋರಿಸುವ ತಂತ್ರಾಂಶ) ಹಾಕಿ 6514ನೇ ಪೋರ್ಟ್‌ನದ್ದು ಹಿಡಿಯಿರಿ. ಒಂದೇ ತುದಿಯದ್ದು ಸಾಲದು. ಕಳಿಸಿದವರು ಏನು ಕಳಿಸಿದರು, ಪಡೆದವರಿಗೆ ಏನು ತಲುಪಿತು ಎಂದು ಪಕ್ಕಪಕ್ಕ ಇಟ್ಟು ನೋಡಬೇಕು.

ಟಿಎಲ್‌ಎಸ್ ಬಿಡುವ ಮಾತಿಗೆ: ಬಿಡಬೇಡಿ. ಟನಲ್ ಕಾಪಾಡುವುದು ಒಂದು ಗೇಟ್‌ವೇಯಿಂದ ಇನ್ನೊಂದು ಗೇಟ್‌ವೇವರೆಗೆ ಮಾತ್ರ. ಅದರ ಆಚೀಚಿನ ಒಳ ನೆಟ್‌ವರ್ಕ್‌ನಲ್ಲಿ ಲಾಗ್ ಬೆತ್ತಲೆಯಾಗಿ ಓಡುತ್ತದೆ. ಲಾಗ್‌ನಲ್ಲಿ ಅಂಥದ್ದೇನಿದೆ ಎನ್ನುವವರಿಗೆ ಒಂದು ಉದಾಹರಣೆ: ಯಾರೋ ಅವಸರದಲ್ಲಿ ಯೂಸರ್‌ನೇಮ್ ಜಾಗದಲ್ಲಿ ಪಾಸ್‌ವರ್ಡ್ ಹೊಡೆಯುತ್ತಾರೆ. ಲಾಗಿನ್ ವಿಫಲ ಎಂಬ ಸಾಲಿನಲ್ಲಿ ಆ ಪಾಸ್‌ವರ್ಡ್ ಇದ್ದಹಾಗೇ ಅಚ್ಚಾಗುತ್ತದೆ. ಮರುಕ್ಷಣ ಅದೇ ಮೆಷಿನ್‌ನಿಂದ ಸರಿಯಾದ ಯೂಸರ್‌ನೇಮ್ ಬರುತ್ತದೆ. ಎರಡು ಸಾಲನ್ನು ಜೋಡಿಸಿದರೆ ಬೀಗವೂ ಕೀಲಿಯೂ ಒಟ್ಟಿಗೆ ಸಿಕ್ಕಹಾಗೆ.

ನೆಟ್‌ವರ್ಕ್_ಚಿಗುರು

ಪಾಸ್‌ವರ್ಡ್ ವಿಷಯ ಹೊಳೆದೇ ಇರಲಿಲ್ಲ. ನಮ್ಮ ಹಳೆಯ ಲಾಗ್‌ನಲ್ಲಿ ಹುಡುಕಿದರೆ ಅಂಥವು ನಿಜಕ್ಕೂ ಇವೆ, ಅವರಿಗೆಲ್ಲ ಪಾಸ್‌ವರ್ಡ್ ಬದಲಿಸಲು ಹೇಳಿದೆ.

ಲಿಂಕ್: ಮೊದಲೆರಡು ಶಾಖೆ ಲೀಸ್ಡ್ ಲೈನ್. ಮೂರನೆಯದೂ ಹಾಗೇ ಇತ್ತು, ಹೋದ ವಾರ ಇಂಟರ್‌ನೆಟ್ ಮೇಲಿನ ಐಪಿಸೆಕ್ (ವಿಪಿಎನ್‌ನ ಒಂದು ಬಗೆ) ಟನಲ್‌ಗೆ ಬದಲಾಯಿತು. ಪಿಂಗ್ ಹೋಗುತ್ತಿತ್ತು, ಎಸ್‌ಎಸ್‌ಎಚ್ ಆಗುತ್ತಿತ್ತು, ಹಾಗಾಗಿ ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕ್ಯಾಪ್ಚರ್: ರಿಲೇ ಕಳಿಸಿದ ಕ್ಲೈಂಟ್ ಹಲೋ (ಹ್ಯಾಂಡ್‌ಶೇಕ್‌ನ ಮೊದಲ ಸಂದೇಶ) ಕೇಂದ್ರಕ್ಕೆ ತಲುಪಿದೆ. ಕೇಂದ್ರದಿಂದ 1460 ಬೈಟ್‌ನ ಎರಡು ಸೆಗ್ಮೆಂಟ್, ಕೊನೆಗೊಂದು ಚಿಕ್ಕದು ಹೊರಟಿವೆ. ರಿಲೇಗೆ ಬಂದಿರುವುದು ಕೊನೆಯ ಚಿಕ್ಕದು ಮಾತ್ರ. ಕೇಂದ್ರ ಆ ದೊಡ್ಡವನ್ನು ಮತ್ತೆ ಮತ್ತೆ ಕಳಿಸುತ್ತಲೇ ಇದೆ.

ಪೋರ್ಟ್_ಪಹರೆ

ಸಿಕ್ಕಿತು. ಇದಕ್ಕೆ ಪಾತ್ ಎಂಟಿಯು ಬ್ಲ್ಯಾಕ್‌ಹೋಲ್ ಎನ್ನುತ್ತಾರೆ. ಎಂಟಿಯು ಎಂದರೆ ದಾರಿಯಲ್ಲಿ ಹೋಗಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ.

ಐಪಿಸೆಕ್ ತನ್ನ ಹೆಡರ್ ಸೇರಿಸುವುದರಿಂದ ಟನಲ್ ಒಳಗೆ 1500 ಬೈಟ್‌ನ ಪ್ಯಾಕೆಟ್ ಹಿಡಿಸುವುದಿಲ್ಲ. ಕೇಂದ್ರದ ವಿಪಿಎನ್ ಗೇಟ್‌ವೇ "ಇಷ್ಟು ದೊಡ್ಡದು ಹೋಗದು, ಚಿಕ್ಕದು ಮಾಡಿ ಕಳಿಸು" ಎಂದು ಐಸಿಎಂಪಿ ಟೈಪ್ 3, ಕೋಡ್ 4 ಸಂದೇಶವನ್ನು ನಿಮ್ಮ ಲಾಗ್ ಸರ್ವರ್‌ಗೆ ವಾಪಸ್ ಕಳಿಸಬೇಕು. ನಡುವೆ ಯಾವುದೋ ಫೈರ್‌ವಾಲ್ ಐಸಿಎಂಪಿಯನ್ನೆಲ್ಲ ಸಾರಾಸಗಟಾಗಿ ತಡೆದಿದ್ದರೆ ಆ ಮಾತು ಸರ್ವರ್ ಕಿವಿಗೆ ಬೀಳುವುದೇ ಇಲ್ಲ.

ಟಿಎಲ್‌ಎಸ್ ಇಲ್ಲದೆ ಯಾಕೆ ನಡೆಯಿತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಬರೀ ಟಿಸಿಪಿ ಸಿಸ್‌ಲಾಗ್‌ನಲ್ಲಿ ಡೇಟಾ ಹರಿಯುವುದು ಶಾಖೆಯಿಂದ ಕೇಂದ್ರಕ್ಕೆ. ಕೇಂದ್ರದಿಂದ ವಾಪಸ್ ಬರುವುದು ಪುಟ್ಟ ಪುಟ್ಟ ಎಸಿಕೆಗಳು (ಸಿಕ್ಕಿತು ಎಂಬ ಉತ್ತರಗಳು) ಅಷ್ಟೇ. ಟಿಎಲ್‌ಎಸ್‌ನಲ್ಲಾದರೆ ಕೇಂದ್ರ ತನ್ನ ಸರ್ಟಿಫಿಕೇಟ್ ಸರಪಳಿಯನ್ನು ಕಳಿಸಬೇಕು, ನಿಮ್ಮಲ್ಲಿ ಅದು 3 ಕಿಲೋಬೈಟ್ ಹತ್ತಿರ ಇದೆ. ಆ ದಿಕ್ಕಿನಲ್ಲಿ ದೊಡ್ಡ ಪ್ಯಾಕೆಟ್ ಹೋದದ್ದು ಅದೇ ಮೊದಲು. ಪಿಂಗ್ ಹೋಯಿತು ಎಂದರೆ 84 ಬೈಟ್‌ನ ಪ್ಯಾಕೆಟ್ ಹೋಯಿತು ಎಂದಷ್ಟೇ ಅರ್ಥ.

ಖಚಿತ ಮಾಡಿಕೊಳ್ಳಿ: ಕೇಂದ್ರದಿಂದ ರಿಲೇಗೆ, ತುಂಡು ಮಾಡಬೇಡ ಎಂಬ ಗುರುತಿನೊಂದಿಗೆ 1472 ಬೈಟ್‌ನ ಪಿಂಗ್ ಕಳಿಸಿ. ಹೋಗದಿದ್ದರೆ ಇಳಿಸುತ್ತಾ ಬನ್ನಿ. ಯಾವ ಅಂಕಿಗೆ ಉತ್ತರ ಬರುತ್ತದೋ ಅದಕ್ಕೆ ಹೆಡರ್‌ಗಳ 28 ಬೈಟ್ ಕೂಡಿಸಿದರೆ ಎಂಟಿಯು.

ಹಳೇರೂಟರ್

ಗಡಿಯಾರ ಎಂದು ದಾರಿ ತಪ್ಪಿಸಿದ್ದಕ್ಕೆ ಕ್ಷಮಿಸಿ. ಒಂದು ಸೇರಿಸುತ್ತೇನೆ: ಸರ್ಟಿಫಿಕೇಟನ್ನು ಆರ್‌ಎಸ್‌ಎ 4096ರಿಂದ ಚಿಕ್ಕ ಕೀಯ ಇಸಿಡಿಎಸ್‌ಎಗೆ ಬದಲಿಸಿದರೆ ಗಾತ್ರ ಕುಗ್ಗಿ ಹ್ಯಾಂಡ್‌ಶೇಕ್ ಆಗಿಬಿಡಬಹುದು. ಆದರೆ ಅದು ಗಾಯಕ್ಕೆ ಬಟ್ಟೆ ಮುಚ್ಚಿದಂತೆ. ದಾರಿಯನ್ನೇ ಸರಿಪಡಿಸಿ.

ನೆಟ್‌ವರ್ಕ್_ಚಿಗುರು

1472 ಇಲ್ಲ, 1400 ಇಲ್ಲ, 1372 ಬಂತು! ಅಂದರೆ 28 ಕೂಡಿಸಿ ಎಂಟಿಯು ಕನಿಷ್ಠ 1400. ಎರಡೂ ತುದಿಯ ಗೇಟ್‌ವೇಗಳಲ್ಲಿ ಟನಲ್‌ಗೆ ಟಿಸಿಪಿ ಎಂಎಸ್‌ಎಸ್ (ಒಂದು ಸೆಗ್ಮೆಂಟ್‌ನಲ್ಲಿ ಹೋಗುವ ಡೇಟಾದ ಗರಿಷ್ಠ ಗಾತ್ರ) ಅನ್ನು 1360ಕ್ಕೆ ಮಿತಿಗೊಳಿಸಿದೆವು, ಫೈರ್‌ವಾಲ್‌ನಲ್ಲಿ ಆ ಐಸಿಎಂಪಿ ಸಂದೇಶವೊಂದಕ್ಕೆ ದಾರಿ ಬಿಟ್ಟೆವು. ಆರ್‌ಸಿಸ್‌ಲಾಗ್ ರೀಸ್ಟಾರ್ಟ್ ಮಾಡಿದ ತಕ್ಷಣ ಮೂರನೇ ಶಾಖೆಯ ಸಾಲುಗಳು ಓಡಿಬಂದವು. ಪೋರ್ಟ್_ಪಹರೆ ಅವರೇ, ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ.

ಆದರೆ ಈ ಮೂರು ದಿನದ ಲಾಗ್ ಎಲ್ಲೂ ಇಲ್ಲ. ಕನೆಕ್ಷನ್ ಸರಿಯಾದ ಮೇಲೆ ರಿಲೇ ಹಳೆಯದನ್ನು ಕಳಿಸುತ್ತದೆ ಎಂದುಕೊಂಡಿದ್ದೆ.

ಲಾಗ್_ಲೇಖಾ

ಓದಿದ ಕೂಡಲೇ ಬರೆಯುತ್ತಿದ್ದೇನೆ, ಇದನ್ನು ಮೊದಲು ಮಾಡಿ: ಮೂರನೇ ಶಾಖೆಯ ಸ್ವಿಚ್, ಫೈರ್‌ವಾಲ್‌ಗಳಿಗೆ ಲಾಗಿನ್ ಆಗಿ ಅವುಗಳ ಒಳಗಿನ ಬಫರ್‌ನಲ್ಲಿ ಉಳಿದಿರುವ ಲಾಗ್ ತೆಗೆದಿಟ್ಟುಕೊಳ್ಳಿ. ಯಾವುದನ್ನೂ ರೀಬೂಟ್ ಮಾಡಬೇಡಿ, ಮಾಡಿದರೆ ಅದೂ ಹೋಗುತ್ತದೆ.

ಇನ್ನು ಯಾಕೆ ಹೋಯಿತು ಎಂಬುದು. ಫಾರ್ವರ್ಡ್ ಮಾಡುವ ಆಕ್ಷನ್‌ನಲ್ಲಿ ರೆಸ್ಯೂಮ್ ರಿಟ್ರೈ ಕೌಂಟ್ ನೀವು ಬರೆಯದಿದ್ದರೆ ಅದು 0. ಎಂದರೆ ಕನೆಕ್ಷನ್ ಸಿಗದಿದ್ದರೆ ಸಂದೇಶವನ್ನು ಎಸೆದು ಮುಂದೆ ಹೋಗು ಎಂದು. ಅದನ್ನು -1 ಮಾಡಿ, ಆಗ ಪ್ರಯತ್ನ ಬಿಡುವುದಿಲ್ಲ. ಆದರೆ ಅಷ್ಟನ್ನೇ ಮಾಡಿ ನಿಲ್ಲಿಸಬೇಡಿ! ಆ ಆಕ್ಷನ್‌ಗೆ ಅದರದೇ ಕ್ಯೂ (ಸಂದೇಶಗಳು ಕಾಯುವ ಸರತಿ) ಇಲ್ಲದಿದ್ದರೆ, ಕೇಂದ್ರ ಸಿಗದ ಹೊತ್ತಿನಲ್ಲಿ ಮುಖ್ಯ ಕ್ಯೂ ತುಂಬಿಕೊಂಡು ರಿಲೇಯ ಸ್ಥಳೀಯ ಲಾಗ್ ಕೂಡ ನಿಂತುಹೋಗುತ್ತದೆ. ಲಿಂಕ್ಡ್ ಲಿಸ್ಟ್ ಬಗೆಯ ಕ್ಯೂ ಕೊಡಿ, ಅದಕ್ಕೆ ಫೈಲ್‌ನೇಮ್ ಕೊಡಿ. ಫೈಲ್‌ನೇಮ್ ಇಲ್ಲದ ಕ್ಯೂ ಮೆಮೊರಿಯಲ್ಲಷ್ಟೇ ಇರುತ್ತದೆ, ಡಿಸ್ಕ್‌ಗೆ ಇಳಿಯುವುದಿಲ್ಲ. ಸೇವ್ ಆನ್ ಶಟ್‌ಡೌನ್ ಕೂಡ ಆನ್ ಇರಲಿ.

ಡಿಸ್ಕ್ ಎಷ್ಟು ಬೇಕು ಎಂದು ನಿಮ್ಮದೇ ಲೆಕ್ಕ ಹಾಕಿ. ಸೆಕೆಂಡ್‌ಗೆ 40 ಸಂದೇಶ, ಒಂದೊಂದೂ 300 ಬೈಟ್ ಎಂದಿಟ್ಟುಕೊಂಡರೆ ದಿನಕ್ಕೆ ಹತ್ತಿರಹತ್ತಿರ 1 ಗಿಗಾಬೈಟ್. ಮೂರು ದಿನ ತಡೆಯಬೇಕು ಎಂದರೆ 3, ಕ್ಯೂ ತನ್ನ ಮಾಹಿತಿಯನ್ನೂ ಜೊತೆಗೆ ಬರೆಯುವುದರಿಂದ 6 ಇಡಿ. ಮ್ಯಾಕ್ಸ್ ಡಿಸ್ಕ್ ಸ್ಪೇಸ್ ಮಿತಿ ಹಾಕದೆ ಬಿಟ್ಟರೆ ಡಿಸ್ಕ್ ತುಂಬಿ ಮೆಷಿನ್ನೇ ಮಲಗುತ್ತದೆ.

ನನಗೆ ನಿಜವಾಗಿ ಆತಂಕ ತಂದದ್ದು ನಿಮ್ಮ ಮೊದಲ ಪೋಸ್ಟ್‌ನ ಒಂದು ಸಾಲು. ಮೂರೂ ಕಡೆ ಒಂದೇ ಕೀ, ಜೊತೆಗೆ ಅನಾನ್. ಅನಾನ್ ಎಂದರೆ ಗೂಢಲಿಪಿ ಇದೆ, ಗುರುತಿನ ಪರೀಕ್ಷೆ ಇಲ್ಲ. ಯಾರು ಬೇಕಾದರೂ ನಿಮ್ಮ ಸರ್ವರ್‌ಗೆ ಸುಳ್ಳು ಲಾಗ್ ಸುರಿಯಬಹುದು, ನಡುವೆ ನಿಂತವರು ತಾವೇ ಕೇಂದ್ರ ಎಂದು ಹೇಳಿಕೊಂಡು ನಿಮ್ಮ ಲಾಗ್ ತೆಗೆದುಕೊಳ್ಳಬಹುದು. ಎರಡೂ ಬದಿಯಲ್ಲಿ ಎಕ್ಸ್509/ನೇಮ್ ಮೋಡ್ ಹಾಕಿ, ಪರ್ಮಿಟೆಡ್ ಪಿಯರ್‌ನಲ್ಲಿ ಹೆಸರು ಬರೆಯಿರಿ. ಒಂದೊಂದು ರಿಲೇಗೂ ಬೇರೆ ಕೀ, ಬೇರೆ ಸರ್ಟಿಫಿಕೇಟ್. ನಾಳೆ ಒಂದು ಶಾಖೆಯ ಮೆಷಿನ್ ಕಳುವಾದರೆ ಅದೊಂದನ್ನು ರದ್ದು ಮಾಡಿದರೆ ಸಾಕು, ಉಳಿದೆರಡು ಶಾಖೆಯನ್ನು ಮುಟ್ಟಬೇಕಿಲ್ಲ. ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಸಿಎ ಕೀ ಲಾಗ್ ಸರ್ವರ್‌ನಲ್ಲಿ ಇರಲೇಬಾರದು.

ಇಷ್ಟು ಮಾಡಿದರೂ ಶಾಖೆಯ ಒಳಗಿನ ಯುಡಿಪಿ ಯಾರು ಬೇಕಾದರೂ ನಟಿಸಬಹುದಾದದ್ದು. ಸಾಧನಗಳು ರಿಲೇಗೆ ಲಾಗ್ ಕಳಿಸುವುದು ಮ್ಯಾನೇಜ್‌ಮೆಂಟ್ ವಿಲ್ಯಾನ್‌ನಲ್ಲಿ (ಬೇರ್ಪಡಿಸಿದ ಒಳ ನೆಟ್‌ವರ್ಕ್‌ನಲ್ಲಿ) ಮಾತ್ರ ಇರಲಿ.

ನೆಟ್‌ವರ್ಕ್_ಚಿಗುರು

ಸ್ವಿಚ್‌ಗಳ ಬಫರ್‌ನಲ್ಲಿ ಹೆಚ್ಚುಕಡಿಮೆ ಒಂದೂವರೆ ದಿನದ್ದು ಸಿಕ್ಕಿತು ಮೇಡಂ, ಉಳಿದದ್ದು ಹೋಯಿತು. ಕ್ಯೂ, ಬೇರೆ ಬೇರೆ ಕೀ, ನೇಮ್ ಮೋಡ್ ಎಲ್ಲ ಮುಗಿಸಿದೆ.

ಇನ್ನೆರಡು ಅನುಮಾನ. ಕೆಲವು ಸ್ವಿಚ್‌ಗಳ ಲಾಗ್‌ನಲ್ಲಿ ಹೋಸ್ಟ್‌ನೇಮ್ ಜಾಗದಲ್ಲಿ ಏನೇನೋ ಬರುತ್ತಿದೆ. ಮತ್ತೆ, ಹಳೆಯದನ್ನು ಸೇರಿಸುವಾಗ ಸಮಯ ತಾಳೆಯಾಗುತ್ತಿಲ್ಲ.

ಲಾಗ್_ಲೇಖಾ

ಎರಡೂ ಹಳೆಯ ಮಾದರಿಯ ತೊಂದರೆ. 2001ರ ಆರ್‌ಎಫ್‌ಸಿ (ಇಂಟರ್‌ನೆಟ್ ತಾಂತ್ರಿಕ ದಾಖಲೆ) 3164ರಲ್ಲಿ ವಿವರಿಸಿದ ರೂಪದಲ್ಲಿ ಸಮಯಕ್ಕೆ ವರ್ಷವಿಲ್ಲ, ಟೈಮ್‌ಝೋನ್ ಇಲ್ಲ. ಹಲವು ಸಾಧನಗಳು ಹೋಸ್ಟ್‌ನೇಮ್ ಕೂಡ ಕಳಿಸುವುದಿಲ್ಲ, ಆಗ ಆರ್‌ಸಿಸ್‌ಲಾಗ್ ಮುಂದಿನ ಪದವನ್ನೇ ಹೆಸರೆಂದು ತಿಳಿಯುತ್ತದೆ. ಸಾಧನ ಯಾವುದು ಎಂದು ಖಚಿತವಾಗಿ ಹೇಳಬಲ್ಲ ಜಾಗ ರಿಲೇ ಒಂದೇ. ಕೇಂದ್ರಕ್ಕೆ ಕಾಣುವುದು ರಿಲೇಯ ಐಪಿ ಮಾತ್ರ. ಹಾಗಾಗಿ ರಿಲೇಯಲ್ಲೇ ಟೆಂಪ್ಲೇಟ್ ಬರೆದು, ಪ್ಯಾಕೆಟ್ ಬಂದ ಐಪಿಯನ್ನು ಹೋಸ್ಟ್‌ನೇಮ್ ಜಾಗಕ್ಕೆ ಹಾಕಿ, 2009ರ ಆರ್‌ಎಫ್‌ಸಿ 5424 ರೂಪದಲ್ಲಿ ಮುಂದಕ್ಕೆ ಕಳಿಸಿ. ಅದರಲ್ಲಿ ವರ್ಷವೂ ಝೋನ್ ವ್ಯತ್ಯಾಸವೂ ಇರುತ್ತದೆ. ಎಲ್ಲ ಸಾಧನಗಳನ್ನೂ ಯುಟಿಸಿಗೆ ಹಾಕಿ. ಸಾಧನ ಹೇಳಿದ ಸಮಯ, ರಿಲೇ ಪಡೆದ ಸಮಯ, ಎರಡನ್ನೂ ಉಳಿಸಿಕೊಳ್ಳಿ. ಒಂದು ಸುಳ್ಳಾಡಿದಾಗ ಇನ್ನೊಂದು ಬೇಕಾಗುತ್ತದೆ.

ಪೋರ್ಟ್_ಪಹರೆ

ಒಂದು ಉಳಿಯಿತು. ಈ ಮೂರು ದಿನ ಲಾಗ್ ಬರುತ್ತಿಲ್ಲ ಎಂದು ನಿಮಗೆ ತಿಳಿದದ್ದು ಹೇಗೆ?

ನೆಟ್‌ವರ್ಕ್_ಚಿಗುರು

ಬೇರೇನನ್ನೋ ಹುಡುಕಲು ಹೋದಾಗ ಕಣ್ಣಿಗೆ ಬಿತ್ತು. ಲಿಂಕ್ ಬದಲಾದ ದಿನ ಹಳೆಯ ಕನೆಕ್ಷನ್ ಕಡಿದಾಗಿನಿಂದಲೇ ನಿಂತಿತ್ತೋ ಎಂದು ಈಗ ಲೆಕ್ಕ ಹಾಕುತ್ತಿದ್ದೇನೆ.

ಪೋರ್ಟ್_ಪಹರೆ

ಹಾಗಾದರೆ ಇಂದೇ ಇದನ್ನೂ ಸೇರಿಸಿ. ಪ್ರತಿ ರಿಲೇಯಿಂದ 5 ನಿಮಿಷಕ್ಕೊಮ್ಮೆ ಏರುಸಂಖ್ಯೆ ಇರುವ ಒಂದು ಸಂದೇಶ ಹೊರಡಲಿ. ಕೇಂದ್ರದಲ್ಲಿ 15 ನಿಮಿಷ ಅದು ಕಾಣದಿದ್ದರೆ ನಿಮಗೆ ಎಚ್ಚರಿಕೆ ಬರಲಿ. ಸರ್ಟಿಫಿಕೇಟ್ ಅವಧಿ ಮುಗಿದಾಗಲೂ ಇದೇ ಎಚ್ಚರಿಸುತ್ತದೆ.

ಜೊತೆಗೆ ಗಮನಿಸಿ: ಟಿಎಲ್‌ಎಸ್ ಇದ್ದರೂ ಕೆಳಗಿರುವುದು ಟಿಸಿಪಿಯೇ. ಲಿಂಕ್ ಕಡಿದ ಕ್ಷಣದಲ್ಲಿ ಕರ್ನೆಲ್‌ನ ಕಳಿಸುವ ಬಫರ್‌ನಲ್ಲಿದ್ದ ಸಾಲುಗಳನ್ನು ಆರ್‌ಸಿಸ್‌ಲಾಗ್ ಕಳಿಸಿಯಾಯಿತು ಎಂದೇ ಎಣಿಸಿರುತ್ತದೆ. ಅವು ಹೋಗುತ್ತವೆ. ಒಂದು ಸಾಲೂ ಹೋಗಬಾರದು ಎಂದರೆ ಆರ್‌ಇಎಲ್‌ಪಿ ಎಂಬ ಪ್ರೋಟೋಕಾಲ್ ಬಳಸಿ. ಅದರಲ್ಲಿ ಎದುರಿನ ಆರ್‌ಸಿಸ್‌ಲಾಗ್ ಪಡೆದೆ ಎಂದು ಹೇಳುವವರೆಗೂ ಸಂದೇಶ ಕ್ಯೂನಿಂದ ಹೊರಬೀಳುವುದಿಲ್ಲ. ಅದರ ಮೇಲೂ ಟಿಎಲ್‌ಎಸ್ ಹಾಕಬಹುದು.

ನೆಟ್‌ವರ್ಕ್_ಚಿಗುರು

ನಿನ್ನೆ ರಾತ್ರಿ ಪರೀಕ್ಷೆ ಮಾಡಿದೆ. ಮೂರನೇ ಶಾಖೆಯ ರಿಲೇಯಿಂದ 1ರಿಂದ 2000ದವರೆಗೆ ಸಂಖ್ಯೆ ಹಾಕಿದ ಸಂದೇಶ ಬಿಡುತ್ತಾ, ನಡುವೆ ಕೇಬಲ್ ಕಿತ್ತು 20 ನಿಮಿಷ ಬಿಟ್ಟು ಮತ್ತೆ ಹಾಕಿದೆ. ಮೊದಲು ಬರೀ ಟಿಎಲ್‌ಎಸ್‌ನಲ್ಲಿ: ಕ್ಯೂನಲ್ಲಿ ನಿಂತವೆಲ್ಲ ಬಂದವು, ಕೇಬಲ್ ಕಿತ್ತ ಗಳಿಗೆಯ 11 ಸಾಲು ಬರಲೇ ಇಲ್ಲ. ಆಮೇಲೆ ಆರ್‌ಇಎಲ್‌ಪಿಯಲ್ಲಿ: ಎರಡು ಸಾವಿರವೂ ಬಂದವು, 4 ಸಾಲು ಎರಡೆರಡು ಸಲ ಬಂದವು. 15ನೇ ನಿಮಿಷಕ್ಕೆ ಎಚ್ಚರಿಕೆಯ ಮೆಸೇಜ್ ಫೋನ್‌ಗೆ ಬಂತು.

ಈ ವಾರ ಉಳಿದೆರಡು ಶಾಖೆಯನ್ನೂ ಆರ್‌ಇಎಲ್‌ಪಿಗೆ ಬದಲಿಸುತ್ತೇನೆ. ಶೀರ್ಷಿಕೆಯಲ್ಲಿ ಪರಿಹಾರ ಸಿಕ್ಕಿದೆ ಎಂದು ಸೇರಿಸಿದ್ದೇನೆ.