ಪದಚರ್ಚೆ: ಮೈಟಾಸಿಸ್, ಮಿಯಾಸಿಸ್ – ಫಲಕಕ್ಕೆ ಯಾವ ಪದ?

ನಮಸ್ಕಾರ. ಪ್ರೌಢಶಾಲಾ ವಿಜ್ಞಾನ ಮೇಳದ ಫಲಕಗಳು ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಒಂದರಲ್ಲಿ ಈರುಳ್ಳಿ ಬೇರಿನ ತುದಿ, ಇನ್ನೊಂದರಲ್ಲಿ ಈರುಳ್ಳಿ ಹೂವಿನ ಪರಾಗಕೋಶ. ಜೀವಕೋಶ ಭಾಗವಾಗುವ ಎರಡು ಬಗೆ ಇವು: ಬೇರಿನ ಮೈಟಾಸಿಸ್‌ಗೆ 'ಸಮವಿಭಜನೆ', ಪರಾಗಕೋಶದ ಮಿಯಾಸಿಸ್‌ಗೆ 'ಅರೆವಿಭಜನೆ' ಎಂದು ಬರೆದಿದ್ದೇನೆ. ಎರಡನೆಯದನ್ನು ಓದಿದವರಿಗೆ ವಿಭಜನೆ ಅರ್ಧಕ್ಕೇ ನಿಂತಿತು ಅನಿಸೀತೇ?

— ಮರು:
ಅನಿಸುತ್ತದೆ ಮೇಡಂ. ಅರೆಬೆಂದ, ಅರೆಮನಸ್ಸು ಎಲ್ಲದರಲ್ಲೂ 'ಅರೆ' ಎಂದರೆ ಪೂರ್ತಿಯಾಗದ್ದು. ಮಿಯಾಸಿಸ್‌ನಲ್ಲಿ ಡಿಎನ್‌ಎ ಇಮ್ಮಡಿಯಾಗುವುದು ಒಮ್ಮೆ, ಕೋಶ ಭಾಗವಾಗುವುದು ಎರಡು ಸಲ. ಅದಕ್ಕೇ ನಾಲ್ಕು ಮರಿಕೋಶ. ಈರುಳ್ಳಿಯ 16 ವರ್ಣತಂತು (ಡಿಎನ್‌ಎ ಹೊತ್ತ ಎಳೆ) 8ಕ್ಕೆ ಇಳಿಯುವುದು ಮೊದಲ ಸುತ್ತಿನಲ್ಲೇ, ಜೋಡಿಗಳು ಅಗಲಿದಾಗ. ಒಂದು ಜೋಡಿ ಅಗಲದೆ ಉಳಿದರೆ ಒಂದು ಕಡೆ 9, ಇನ್ನೊಂದು ಕಡೆ 7. ಮನುಷ್ಯರ ಅಂಡದಲ್ಲಿ 21ನೆಯ ಜೋಡಿ ಹೀಗೆ ಒಟ್ಟಿಗೇ ಉಳಿದರೆ ಮಗುವಿಗೆ 46ರ ಬದಲು 47, ಅಂದರೆ ಡೌನ್ ಸಿಂಡ್ರೋಮ್. ಅರ್ಧವಾಗುವುದು ಎಣಿಕೆ. 'ಇಳಿವಿಭಜನೆ' ಅನ್ನಿ, ಗ್ರೀಕ್ ಮೂಲದ ಅರ್ಥವೂ 'ಕಡಿಮೆಯಾಗುವುದು' ಎಂದೇ.

ಅರಳಿದ ಹೂವಿನ ಚಿತ್ರ ಹಾಕಬೇಡಿ. ಅಷ್ಟರಲ್ಲಿ ವಿಭಜನೆ ಮುಗಿದು ಬರೀ ಪರಾಗ ಇರುತ್ತದೆ. ಎಳೆಯ ಮೊಗ್ಗು ಬೇಕು.

— ಮರು:
'ಅರೆವಿಭಜನೆ', 'ಇಳಿವಿಭಜನೆ' ಎರಡೂ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆರೆಸಿದ ಸಲ್ಲದ ಸಮಾಸ. 'ನ್ಯೂನೀಕರಣ ವಿಭಜನೆ' ಇರುವಾಗ ಹೊಸದು ಬೇಕಿಲ್ಲ.

— ಮರು:
'ಮರಿಕೋಶ' ಕೂಡ ಅರಿಸಮಾಸವೇ, ಸರ್. ಪಠ್ಯಪುಸ್ತಕದಲ್ಲಿದೆ, ಮಕ್ಕಳಿಗೆ ತಿಳಿಯುತ್ತದೆ. 'ನ್ಯೂನೀಕರಣ' ತಿಳಿಯುವುದಿಲ್ಲ. ನಾನಾದರೆ 'ಕೋಶ'ವನ್ನೇ ಬಿಡುತ್ತೇನೆ: ಪರಾಗಕೋಶದೊಳಗೆ ಜೀವಕೋಶ ಎಂದರೆ ಮೊದಲನೆಯದು ಚೀಲ, ಎರಡನೆಯದು ಗೂಡು. ಕೋಶ ವಿಭಜನೆಗೆ 'ಗೂಡೊಡೆತ' ಎನ್ನಿ.

— ಮರು:
> ಗೂಡೊಡೆತ
ಆಗದು. ಕೆಂಪು ರಕ್ತಕಣವನ್ನು ಭಟ್ಟಿ ಇಳಿಸಿದ ನೀರಿಗೆ ಹಾಕಿದರೆ ಉಬ್ಬಿ ಒಡೆಯುತ್ತದೆ. ಅದು ಸಾವು. ಗಾಯ ಮಾಯುವಾಗ ಅಂಚಿನ ಚರ್ಮಕೋಶ ಒಡೆಯುವುದಿಲ್ಲ, ಎರಡಾಗುತ್ತದೆ.

— ಮರು:
ಮೊಳಕೆ ಒಡೆಯುವುದು, ಚಿಗುರೊಡೆಯುವುದು, ಕವಲೊಡೆಯುವುದು ಸಾವೇ? ಜರ್ಮನ್ ಜೀವವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ಗ್ರೀಕ್ 'ಎಳೆ'ಯಿಂದ ಮೈಟಾಸಿಸ್ ಕಟ್ಟಿದ. ಗ್ರೀಕರ ಎಳೆ ಶಾಸ್ತ್ರ, ನಮ್ಮ ಎಳೆ ಹಳ್ಳಿಮಾತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ನೂಲುಗಳಿಗೆ 'ಕದಿರೆಳೆ' ಎಂಬ ಹೆಸರು ನಿಂತದ್ದು ಹೇಗೆ? ಕೋಶದ ನಡುವೆ ಕಂಡದ್ದು ನೂಲಿನ ಕದಿರಿನಂತೆಯೇ ಇತ್ತು.

— ಮರು:
'ಕದಿರೆಳೆ' ಒಪ್ಪಿದೆ, 'ಒಡೆತ' ಒಪ್ಪುವುದಿಲ್ಲ. 'ಸಮವಿಭಜನೆ'ಯ ಕೆಳಗೆ 'ಸಮ ಎಂದರೆ ವರ್ಣತಂತುಗಳ ಎಣಿಕೆ' ಎಂದು ಸೇರಿಸಿ. ಯೀಸ್ಟ್‌ನಲ್ಲಿ ಮರಿ ತಾಯಿಗಿಂತ ಚಿಕ್ಕದು, ಆದರೂ ಅದು ಮೈಟಾಸಿಸ್ಸೇ.

— ಮರು:
'ಸಮವಿಭಜನೆ (16ರಿಂದ 16)', 'ಇಳಿವಿಭಜನೆ (16ರಿಂದ 8)' ಎಂದು ಕಳಿಸುತ್ತಿದ್ದೇನೆ. ಹೂವಿನ ಬದಲು ಮೊಗ್ಗಿನ ಚಿತ್ರ ಹಾಕಿದೆ. 'ಪರಾಗಕೋಶ'ಕ್ಕೆ 'ಪರಾಗಚೀಲ' ಎಂದರೆ ಯಾರದಾದರೂ ತಕರಾರಿದೆಯೇ?