ಜೋನ್ಸ್: ಪಿತೃನಾಮವೋ ಕುಲನಾಮವೋ?

‘ಜಾನ್ಸನ್’ ಮತ್ತು ‘ಜೋನ್ಸ್’ ಎಂಬ ಎರಡು ಕುಲನಾಮಗಳಿಗೂ ಕನ್ನಡದಲ್ಲಿ ‘ಜಾನನ ಮಗ’ ಎಂದು ಒಂದೇ ಅರ್ಥ ಹೇಳುವುದುಂಟು. ಅದು ತಪ್ಪಲ್ಲವಾದರೂ ಸಾಲದು ಎಂಬುದು ನನ್ನ ಅಭಿಪ್ರಾಯ. ಜಾನ್ಸನ್ನಿನಲ್ಲಿ ಮಗ ಎಂಬ ಪದ ನೇರವಾಗಿಯೇ ಇದೆ. ಜೋನ್ಸ್‌ನ ಕೊನೆಯಲ್ಲಿರುವುದು ಷಷ್ಠಿಯ ಪ್ರತ್ಯಯ ಮಾತ್ರ. ‘ಜಾನನ’ ಎಂದಷ್ಟೇ ಹೇಳಿ ಉಳಿದದ್ದನ್ನು ಅಧ್ಯಾಹಾರಕ್ಕೆ, ಎಂದರೆ ಕೇಳುವವರೇ ತುಂಬಿಕೊಳ್ಳುವುದಕ್ಕೆ, ಬಿಟ್ಟ ರೂಪವದು. ಅದನ್ನು ಬಹುವಚನವೆಂದು ತಿಳಿಯುವುದಂತೂ ಸರಿಯಲ್ಲ.

ಜೋನ್ಸ್ ಎಂಬ ಹೆಸರು ಅತಿ ಹೆಚ್ಚು ರೂಢಿಯಲ್ಲಿರುವುದು ಬ್ರಿಟನ್ನಿನ ಪಶ್ಚಿಮ ಭಾಗದ ವೇಲ್ಸ್‌ನಲ್ಲಿ. ಆದರೆ ವೆಲ್ಷ್ ಭಾಷೆಯ ಸಾಂಪ್ರದಾಯಿಕ ವರ್ಣಮಾಲೆಯಲ್ಲಿ ‘ಜೆ’ ಅಕ್ಷರವೇ ಇರಲಿಲ್ಲ. ಹೀಬ್ರೂ ಮೂಲದಿಂದ ಹೊರಟು ಗ್ರೀಕ್, ಲ್ಯಾಟಿನ್ ದಾಟಿ ಬಂದ ‘ಜಾನ್’ ಹೆಸರು ಅಲ್ಲಿ ಇವಾನ್ ಮೊದಲಾದ ರೂಪಗಳನ್ನು ತಳೆದಿತ್ತು. ಇಂಗ್ಲಿಷಿನ ‘ಜಾನ್’ ಮತ್ತೊಮ್ಮೆ ಎರವಲಾಗಿ ಬಂದಾಗ ಜಕಾರವು ಶಕಾರವಾಗಿ ‘ಶೋನ್’ ಎಂದಾಯಿತು. ಮಗನೆಂದು ಸೂಚಿಸಲು ವೆಲ್ಷರು ಬಳಸುತ್ತಿದ್ದುದು, ಮಗ ಎಂಬರ್ಥದ ‘ಮಾಬ್’ ಪದ ಸವೆದು ಉಳಿದ ‘ಆಪ್’ ಎಂಬುದನ್ನು. ಅದರ ನಂತರದ ಹೆಸರು ಸ್ವರದಿಂದ ಆರಂಭವಾದರೆ ಅದು ‘ಆಬ್’ ಆಗುತ್ತಿತ್ತು. ತಂದೆ, ಅಜ್ಜ, ಮುತ್ತಜ್ಜರ ಹೆಸರುಗಳನ್ನು ಹೀಗೆ ಪೋಣಿಸಿ ಹೇಳುವ ಕ್ರಮದಲ್ಲಿ ಸ್ಥಿರವಾದ ಕುಲನಾಮಕ್ಕೆ ಎಡೆಯಿರಲಿಲ್ಲ.

1536 ಮತ್ತು 1543ರ ಕಾಯಿದೆಗಳು ವೇಲ್ಸನ್ನು ಇಂಗ್ಲಿಷ್ ಕಾನೂನಿನ ಅಡಿಗೆ ತಂದು, ನ್ಯಾಯಾಲಯಗಳ ಭಾಷೆಯನ್ನೂ ಇಂಗ್ಲಿಷ್ ಮಾಡಿದ ಮೇಲೆ, ದಾಖಲೆಗಳಲ್ಲಿ ಸ್ಥಿರನಾಮ ಬರೆಸುವುದು ಮೊದಲು ಮೇಲ್ವರ್ಗಕ್ಕೂ ನಿಧಾನವಾಗಿ ಉಳಿದವರಿಗೂ ಹಬ್ಬಿತು. ಹಳ್ಳಿಗಾಡಿನಲ್ಲಿ ಹಳೆಯ ಪದ್ಧತಿ ಹದಿನೆಂಟನೆಯ ಶತಮಾನದಲ್ಲಿಯೂ ಬದುಕಿತ್ತು. ಕೆಲವೆಡೆ ‘ಆಪ್’ ಸಂಧಿಯಾಗಿ ಉಳಿಯಿತು: ಆಪ್ ಹವೆಲ್ ‘ಪೊವೆಲ್’ ಆಯಿತು, ಆಪ್ ರೀಸ್ ‘ಪ್ರೈಸ್’ ಆಯಿತು, ಆಬ್ ಓವೈನ್ ‘ಬೋವೆನ್’ ಆಯಿತು. (ಪ್ರೈಸ್ ಎಂಬುದಕ್ಕೂ ಬೆಲೆಗೂ ಸಂಬಂಧವಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.) ಮಿಕ್ಕೆಡೆ ‘ಆಪ್’ ಬಿದ್ದುಹೋಗಿ ಇಂಗ್ಲಿಷ್ ಷಷ್ಠಿ ಸೇರಿ ಜೋನ್ಸ್, ವಿಲಿಯಮ್ಸ್, ಇವಾನ್ಸ್ ಹುಟ್ಟಿದವು. ಜೋನ್ಸ್ ಮತ್ತು ಇವಾನ್ಸ್ ಮೂಲದಲ್ಲಿ ಒಂದೇ ಹೆಸರಿನ ಕವಲುಗಳು. ಆ ಹೊತ್ತಿಗೆ ಬಳಕೆಯಲ್ಲಿದ್ದ ಅಂಕಿತನಾಮಗಳು (ವ್ಯಕ್ತಿಗೆ ಇಡುವ ಹೆಸರುಗಳು) ಕೆಲವೇ ಆಗಿದ್ದುದರಿಂದ, ಪರಸ್ಪರ ಸಂಬಂಧವೇ ಇಲ್ಲದ ಅಸಂಖ್ಯ ಕುಟುಂಬಗಳು ಜೋನ್ಸ್ ಆದವು.

ಪಿತೃನಾಮವು ಕುಲನಾಮವಾಗಿ ಗಟ್ಟಿಯಾಗುವುದನ್ನು ಒಂದೇ ಮನೆಯಲ್ಲಿ ಕಾಣಬಹುದು. 1706ರಲ್ಲಿ ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತಕ್ಕೆ ‘ಪೈ’ ಚಿಹ್ನೆಯನ್ನು ಬಳಸಿದ ಗಣಿತಜ್ಞ ವಿಲಿಯಂ ಜೋನ್ಸ್ ವೇಲ್ಸ್‌ನ ಆಂಗ್ಲ್ಸಿ ದ್ವೀಪದವರು. ಅವರ ತಂದೆ ಶೋನ್ ಶೋರ್, ಎಂದರೆ ಇಂಗ್ಲಿಷಿನಲ್ಲಿ ಜಾನ್ ಜಾರ್ಜ್. ಇಂಗ್ಲಿಷ್ ಕ್ರಮದಂತೆ ಮಗನು ವಿಲಿಯಂ ಜಾರ್ಜ್ ಆಗಬೇಕಿತ್ತು. ವೆಲ್ಷ್ ಕ್ರಮದಂತೆ ತಂದೆಯ ಅಂಕಿತನಾಮವನ್ನು ಹಿಡಿದು ವಿಲಿಯಂ ಜೋನ್ಸ್ ಆದರು. ಅವರ ಮಗನೇ 1784ರಲ್ಲಿ ಕಲ್ಕತ್ತೆಯಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ, ಸಂಸ್ಕೃತದ ಅಭ್ಯಾಸಿಗಳೆಲ್ಲ ಬಲ್ಲ ಸರ್ ವಿಲಿಯಂ ಜೋನ್ಸ್. ಹಳೆಯ ಲೆಕ್ಕದಲ್ಲಿ ಅವರು ವಿಲಿಯಂ ಆಪ್ ವಿಲಿಯಂ.

ಆದ್ದರಿಂದ ‘ಜಾನನ ಮಗ’ ಎಂಬ ಅರ್ಥವು ತಂದೆಗೆ ಅಕ್ಷರಶಃ ಸಲ್ಲುತ್ತದೆ, ಮಗನಿಗೆ ವ್ಯುತ್ಪತ್ತಿಯಾಗಿ ಮಾತ್ರ ಸಲ್ಲುತ್ತದೆ. ತಲೆಮಾರಿಗೊಮ್ಮೆ ಬದಲಾಗುವ, ಐಸ್‌ಲೆಂಡಿನಲ್ಲಿ ಇಂದಿಗೂ ನಡೆದುಬಂದಿರುವ ಬಗೆಯನ್ನು ‘ಪಿತೃನಾಮ’ ಎಂದು ಕರೆದು, ಸ್ಥಿರವಾದುದನ್ನು ‘ಪಿತೃಮೂಲ ಕುಲನಾಮ’ ಎಂದು ಬೇರ್ಪಡಿಸಬಹುದೆಂದು ನನಗೆ ತೋರುತ್ತದೆ. ಎರಡನೆಯದಕ್ಕೆ ಇದಕ್ಕಿಂತ ಚಿಕ್ಕದಾದ, ಈಗಾಗಲೇ ಬಳಕೆಯಲ್ಲಿರುವ ಪದವನ್ನು ಬಲ್ಲವರು ಸೂಚಿಸುವಿರಾ?