ಪದಚರ್ಚೆ: ಎರಡು 'ಹೌಸ್'ಗೆ ಕನ್ನಡದಲ್ಲಿ ಏನು? (ಅರ್ಜೆಂಟ್)

ಪ್ರಶ್ನೆ:
ಬೆಳಗಾವಿ ಜಿಲ್ಲೆಯಿಂದ ಹೊರಗೆ ಹೋಗಿ ಹೆಸರು ಮಾಡಿದವರ ಬಗ್ಗೆ ನಮ್ಮ ಸಂಘದ ಪ್ರದರ್ಶನ ಇದೆ. ಶ್ರೀ ಠಾಣೇದಾರ್ ಅವರ ಫ್ಲೆಕ್ಸ್ ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. 1955ರಲ್ಲಿ ಚಿಕ್ಕೋಡಿಯಲ್ಲಿ ಹುಟ್ಟಿದ್ದು, 1979ರಲ್ಲಿ ಅಮೆರಿಕಕ್ಕೆ ಹೋಗಿದ್ದು, ಅಲ್ಲಿನ ಆಕ್ರನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ, ಆಮೇಲೆ ಲ್ಯಾಬ್ ವ್ಯವಹಾರ. ಅಲ್ಲಿವರೆಗೆ ಸಲೀಸು. 2020ರಲ್ಲಿ ಗೆದ್ದಿದ್ದು ಮಿಚಿಗನ್ ರಾಜ್ಯದ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ಗೆ. 2022ರಲ್ಲಿ ಗೆದ್ದಿದ್ದು ವಾಷಿಂಗ್ಟನ್ನಿನ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ಗೆ. ಎರಡಕ್ಕೂ 'ಪ್ರತಿನಿಧಿ ಸಭೆ' ಅಂತ ಬರೆದರೆ ಒಂದೇ ಸೀಟನ್ನು ಎರಡು ಸಲ ಗೆದ್ದ ಹಾಗೆ ಕಾಣುತ್ತದೆ. ಅಮೆರಿಕದ ಸಂಸತ್ತಿನ ಹೆಸರು ಕಾಂಗ್ರೆಸ್; 'ಕಾಂಗ್ರೆಸ್ಸಿಗೆ ಆಯ್ಕೆಯಾದರು' ಅನ್ನೋಣವೆಂದರೆ, ಅವರು ಡೆಮಾಕ್ರಟಿಕ್ ಪಕ್ಷದವರು. ನಮ್ಮೂರ ಜನ ಪಕ್ಷಾಂತರ ಅಂದುಕೊಳ್ಳುತ್ತಾರೆ!

ಉತ್ತರ 1:
ಶಾಸಕ, ಸಂಸದ. ಮುಗಿಯಿತು. ಇದಕ್ಕೂ ಚರ್ಚೆ ಬೇಕಾ?

ಉತ್ತರ 2:
ಬೇಕು. 'ಶಾಸ್' ಧಾತುವಿಗೆ ಆಳು, ಅಪ್ಪಣೆ ಮಾಡು ಎಂದರ್ಥ. ಹಾಗೆ ನೋಡಿದರೆ ಕಾನೂನು ಮಾಡುವವರೆಲ್ಲ ಶಾಸಕರೇ, ವಾಷಿಂಗ್ಟನ್ನಿನಲ್ಲಿ ಕೂತವರೂ. ಸಂಸತ್ತು ಎಂದ ಕೂಡಲೇ ನಮಗೆ ಪ್ರಧಾನಿ, ಮಂತ್ರಿಗಳು ನೆನಪಾಗುತ್ತಾರೆ. ಅಮೆರಿಕದಲ್ಲಿ ಮಂತ್ರಿಯಾಗಬೇಕಾದರೆ ಸದನದ ಸೀಟು ಬಿಡಬೇಕು. ಸುಮ್ನೆ 'ಮಿಚಿಗನ್ ರಾಜ್ಯದ ಕೆಳಮನೆ', 'ಅಮೆರಿಕದ ಕೇಂದ್ರ ಕೆಳಮನೆ' ಅನ್ನಿ. ಮೊದಲನೆಯದರಲ್ಲಿ 110 ಸದಸ್ಯರು, ಎರಡನೆಯದರಲ್ಲಿ 435. ಅಂಕಿ ಹಾಕಿದರೆ ಯಾರಿಗೂ ಗೊಂದಲ ಆಗುವುದಿಲ್ಲ.

ಉತ್ತರ 3:
ನಿಮ್ಮ ಕರಡು ನೋಡಿದೆ. '2018ರಲ್ಲಿ ರಾಜ್ಯಪಾಲ ಹುದ್ದೆಗೆ ಸ್ಪರ್ಧಿಸಿದರು' ಎಂದಿದೆ. ರಾಜ್ಯಪಾಲರು ಓಟು ಕೇಳಿದ್ದನ್ನು ಎಲ್ಲಿ ನೋಡಿದಿರಿ? ಅಲ್ಲಿನ ಗವರ್ನರ್ ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಯ ಹಾಗೆ, ಆದರೆ ಜನರೇ ನೇರವಾಗಿ ಆರಿಸುತ್ತಾರೆ. 'ಗವರ್ನರ್' ಎಂದೇ ಇಡಿ. ಠಾಣೇದಾರ್ ಸೋತಿದ್ದು ಗವರ್ನರ್ ಚುನಾವಣೆಯಲ್ಲೂ ಅಲ್ಲ, ಪಕ್ಷದ ಟಿಕೆಟ್ ಯಾರಿಗೆಂದು ತೀರ್ಮಾನಿಸುವ ಮೊದಲ ಸುತ್ತಿನ ಮತದಾನದಲ್ಲಿ, ಅಂದರೆ ಪ್ರೈಮರಿಯಲ್ಲಿ. ಮೂರನೇ ಸ್ಥಾನ. ಟಿಕೆಟ್ ಸಿಕ್ಕಿದ್ದು ಗ್ರೆಚೆನ್ ವಿಟ್ಮರ್‌ಗೆ. ಇನ್ನು 2022ರಲ್ಲಿ ಅವರು ಗೆದ್ದ 'ಡಿಸ್ಟ್ರಿಕ್ಟ್'ಗೆ ನೀವು ಬರೆದ '13ನೇ ಜಿಲ್ಲೆ' ತಪ್ಪು, 'ಕ್ಷೇತ್ರ' ಆಗಬೇಕು. ಡೆಟ್ರಾಯಿಟ್ ಇರುವ ವೇಯ್ನ್ ಕೌಂಟಿಯನ್ನು ಬೇಕಾದರೆ ಜಿಲ್ಲೆ ಅನ್ನಬಹುದು.

ಉತ್ತರ 4:
ಗವರ್ನರ್, ಪ್ರೈಮರಿ, ಟಿಕೆಟ್, ಕೌಂಟಿ. ಇದು ಕನ್ನಡವಾ? 'ಕ್ಷೇತ್ರ'ವೂ ಸಂಸ್ಕೃತದ ಸಾಲ. 'ಕಣ' ಎಂಬ ಅಚ್ಚಗನ್ನಡ ಪದ ಇರುವಾಗ ಬೇರೆ ಯಾಕೆ?

ಉತ್ತರ 3:
ಕಣ ಇರುವುದು ಸ್ಪರ್ಧೆಗೆ. ಗೆದ್ದ ಮೇಲೂ ಯಾರೂ ಕಣದಲ್ಲೇ ಕೂರುವುದಿಲ್ಲ.

ಉತ್ತರ 2:
ಸಾಲದ ಲೆಕ್ಕ ತೆಗೆದರೆ 'ಜಿಲ್ಲೆ' ಅರಬ್ಬಿಯಿಂದ ಬಂದದ್ದು. 'ಠಾಣೇದಾರ್'ದಲ್ಲಿ ಠಾಣೆ ಸಂಸ್ಕೃತದ ಸ್ಥಾನ, 'ದಾರ್' ಪಾರಸಿ. ಆ ಹೆಸರನ್ನೂ ಅಚ್ಚಗನ್ನಡ ಮಾಡುತ್ತೀರಾ?

ಉತ್ತರ 4:
ಹೆಸರಿನ ಮಾತು ನಾನು ಎತ್ತಲಿಲ್ಲ.

ಪ್ರಶ್ನೆ ಕೇಳಿದವರು:
'ರಾಜ್ಯದ ಕೆಳಮನೆ', 'ಕೇಂದ್ರ ಕೆಳಮನೆ', 'ಗವರ್ನರ್', 'ಕ್ಷೇತ್ರ' ಹಾಕಿ ಕಳಿಸಿದ್ದೇನೆ. 2024ರಲ್ಲಿ ಮತ್ತೆ ಗೆದ್ದದ್ದನ್ನೂ ಸೇರಿಸಿದ್ದೇನೆ. ಪ್ರೂಫ್ ಬಂದಿದೆ. ಡಿಟಿಪಿಯವರು ಮರ್ಯಾದೆಗೆಂದು ಇನ್ನೊಂದು ಶ್ರೀ ಸೇರಿಸಿ 'ಶ್ರೀ ಶ್ರೀ ಠಾಣೇದಾರ್' ಮಾಡಿದ್ದಾರೆ. ಅವರ ಹೆಸರೇ ಶ್ರೀ ಎಂದರೆ ನಂಬುತ್ತಿಲ್ಲ. ಹಾಗೇ ಬಿಟ್ಟರೆ ಮಠದ ಸ್ವಾಮಿಗಳಾಗುತ್ತಾರೆ. 'ಮಾನ್ಯ' ಹಾಕಿದರೆ ಆಗುತ್ತಾ? ಆರು ಗಂಟೆಯೊಳಗೆ ಹೇಳಿ.